ನಾಲ್ಕನೇ ನಂಬರಿನ ಜಾಗ

ನವೆಂಬರ್ ೧, ೧೯೮೭, ಭಾನುವಾರ

ಇವತ್ತು ಮಹಾಗಾಂವದವರನ್ನು ಮೂರನೇ ಸೆಟ್ಟಿನಲ್ಲಿ ಸೋಲಿಸಿದೆವು. ಕಮಲಾಪುರದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಊರಿಗೆ ಊರೇ ಚಹಾ ಕುಡಿಯಿತು. ನಾನೂ ಕುಡಿದೆ, ನಕ್ಕೆ, ಎಲ್ಲರ ಬೆನ್ನು ತಟ್ಟಿದೆ. ಮನೆಗೆ ಬಂದ ಮೇಲೆ ಹೊಟ್ಟೆ ಉರಿಯತೊಡಗಿತು. ಯಾರ ಮುಂದೆ ಹೇಳಿಕೊಂಡರೂ ನಗುತ್ತಾರೆ, ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಮೊದಲನೇ ಸೆಟ್ಟಿಗೆ ರಾಮಣ್ಣ ಮಾಸ್ತರರು ಬಂದಿರಲಿಲ್ಲ, ಅವರ ಎಮ್ಮೆ ಈಯುತ್ತಿತ್ತಂತೆ. ಹಿಂದಿನ ಸಾಲಿನ ನಡುವೆ ಅವರ ಜಾಗದಲ್ಲಿ ನಾನು ನಿಂತೆ. ಎರಡನೇ ಸೆಟ್ಟಿಗೆ ಮಾಸ್ತರರು ಬಂದರು, ಶಬ್ಬೀರ್ ಹೋದ. ಅವನು ನಮ್ಮ ಲಿಫ್ಟರ್, ಚೆಂಡು ಎತ್ತಿಕೊಡುವವನು, ಹೊಟ್ಟೆಪಾಡಿಗೆ ದರ್ಜಿ. ಶೇರ್ವಾನಿಯ ತೋಳು ಬಿಗಿಯಾಯಿತೆಂದು ಮದುವೆ ಮನೆಯವರು ಮೈದಾನಕ್ಕೇ ಬಂದು ಅವನನ್ನು ಎಳೆದುಕೊಂಡು ಹೋದರು. ಚೆಂಡು ಎತ್ತುವ ಕೆಲಸ ನನಗೆ ಬಂತು. ಮೂರನೆಯದಕ್ಕೆ ಶಬ್ಬೀರ್ ವಾಪಸು ಬಂದ, ಆದರೆ ಯಮನಮ್ಮನ ಅವಳಿ ಮಕ್ಕಳಲ್ಲಿ ಒಬ್ಬನ ಕಾಲು ಉಳುಕಿತು. ಯಾವನದೆಂದು ಈಗಲೂ ನನಗೆ ಖಾತ್ರಿಯಿಲ್ಲ. ಬಲೆಯ ಬಲಗಡೆಯಲ್ಲಿ ಅವನ ಬದಲಿಗೂ ನಾನೇ. ಗೆದ್ದ ಮೇಲೆ ಊರಿನ ಹಿರಿಯರು ಹಾರ ತರಿಸಿದ್ದರು. ಆರು ಜಾಗ, ಆರು ಹೆಸರು, ಆರು ಹಾರ. ಕುಂಟುತ್ತ ಹೊರಗೆ ಕೂತಿದ್ದವನಿಗೂ ಹಾರ ಬಿತ್ತು. ನಾನು ಚಪ್ಪಾಳೆ ತಟ್ಟಿದೆ.

ನಮ್ಮ ಕಡೆ ಹಳ್ಳಿ ಆಟದಲ್ಲಿ ಸುತ್ತುವುದಿಲ್ಲ. ಪುಸ್ತಕದ ನಿಯಮದ ಪ್ರಕಾರ ಆಟಗಾರರು ಒಂದೊಂದೇ ಜಾಗ ಬದಲಿಸುತ್ತ ಗಾಣದ ಎತ್ತಿನ ಹಾಗೆ ಸುತ್ತಬೇಕು. ಇಲ್ಲಿ ಒಮ್ಮೆ ಎಲ್ಲಿ ನಿಂತರೋ ಅದು ಅವರ ಹೆಸರಿಗೆ ಆದ ಹೊಲವಿದ್ದಂತೆ. ಹಿಂದಿನ ಎಡಮೂಲೆಯಲ್ಲಿ ನಬಿಸಾಬ್ ಕಾಕಾ ನಿಲ್ಲಲು ಶುರುಮಾಡಿದಾಗ ನಾನು ಇನ್ನೂ ಚಡ್ಡಿ ಹಾಕಲು ಕಲಿತಿರಲಿಲ್ಲ. ಮುಂದಿನ ಎಡಗಡೆ, ಬಲೆಯ ಹತ್ತಿರ, ನಾಲ್ಕನೇ ನಂಬರಿನಲ್ಲಿ ಖಂಡೆಪ್ಪಣ್ಣ. ಹೊಡೆಯುವವನ ಜಾಗ ಅದು. ಹನ್ನೊಂದು ವರ್ಷದಿಂದ ಅಲ್ಲಿ ಹುಲ್ಲು ಸಹ ಬೆಳೆದಿಲ್ಲ. ಚೆಂಡು ಅವನದು, ಬಲೆ ಅವನದು, ಆದ್ದರಿಂದ ಕ್ಯಾಪ್ಟನ್ನೂ ಅವನೇ. ನನಗೆ ಆರೂ ಜಾಗ ಗೊತ್ತು, ಒಂದೂ ನನ್ನದಲ್ಲ.

ಚಹಾ ಕುಡಿಯುವಾಗ ಧೈರ್ಯ ಮಾಡಿ ಅವನನ್ನು ಕೇಳಿಯೇಬಿಟ್ಟೆ, ನನಗೂ ಒಂದು ಜಾಗ ಗಟ್ಟಿ ಮಾಡು ಎಂದು. ಯಾವುದು ಬೇಕೆಂದ. ನಾಲ್ಕು ಎಂದೆ. ಶಬ್ಬೀರನಿಗೆ ಚಹಾ ನೆತ್ತಿಗೇರಿತು. ಖಂಡೆಪ್ಪಣ್ಣ ಮಾತ್ರ ನಗಲಿಲ್ಲ, ಬಹಳ ಪ್ರೀತಿಯಿಂದ ನನ್ನ ಹೆಗಲ ಮೇಲೆ ಕೈ ಹಾಕಿದ.

"ನೀ ಇಸ್ಪೀಟಿನಾಗಿನ ಜೋಕರ್ ಇದ್ದಂಗೋ ಚಂದ್ರಶಾ. ಎಲ್ಲಿ ಹಾಕಿದ್ರ ಅಲ್ಲಿ ಕೂಡ್ತಿ. ಜೋಕರ್ ಇಲ್ಲಂದ್ರ ರಮ್ಮಿ ಆಗ್ತದೇನು?"

ಹೊಗಳಿದನೋ ಬೈದನೋ ತಿಳಿಯಲಿಲ್ಲ. ಇಪ್ಪತ್ತೈದು ವರ್ಷದ ಗಂಡಸು ನಾನು, ಇನ್ನು ಊರಿಡೀ ಜೋಕರ್ ಅನ್ನುತ್ತಾರೆ.

ನವೆಂಬರ್ ೪

ಅಂದರು. ಹೂವಿನವಳೂ ಅಂದಳು.

ಡಿಪೋದಲ್ಲಿಯೂ ನನ್ನದು ಅದೇ ಕಥೆ. ಬದಲಿ ಕಂಡಕ್ಟರ್ ಎಂದರೆ ಬೆಳಿಗ್ಗೆ ಹೋಗಿ ಬೆಂಚಿನ ಮೇಲೆ ಕೂತು, ಕಾಯಂ ಇರುವವರಲ್ಲಿ ಯಾರಿಗಾದರೂ ಜ್ವರ ಬಂದಿತೇ ಎಂದು ಕಾಯುವುದು. ಯಾರಿಗೂ ಕೇಡು ಬಯಸುವವನಲ್ಲ ನಾನು. ಆದರೆ ಚಳಿಗಾಲ ನನಗೆ ಇಷ್ಟ. ಇವತ್ತು ಆಳಂದ ಗಾಡಿಯವನಿಗೆ ಭೇದಿ ಹತ್ತಿತ್ತು, ದೇವರು ಅವನನ್ನು ಚೆನ್ನಾಗಿಟ್ಟಿರಲಿ.

ನವೆಂಬರ್ ೮, ಭಾನುವಾರ

ಮೈದಾನಕ್ಕೆ ಹೋಗಿ ಎಲ್ಲರೆದುರು ಹೇಳಿದೆ: ಇನ್ನು ಮೇಲೆ ನಾಲ್ಕನೇ ನಂಬರಿನಲ್ಲಿ ನಿಂತರೆ ನಿಲ್ಲುತ್ತೇನೆ, ಇಲ್ಲದಿದ್ದರೆ ಆಡುವುದೇ ಇಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಹೋದಷ್ಟು ಗಟ್ಟಿಯಾಗಿ ಬಾಯಿಂದ ಬರಲಿಲ್ಲ. ಖಂಡೆಪ್ಪಣ್ಣ ಚೆಂಡಿಗೆ ಗಾಳಿ ಹಾಕುತ್ತಿದ್ದ. ಗಾಳಿ ಹಾಕುವುದು ಮುಗಿಸಿ, ನಿನ್ನ ಇಷ್ಟ ಎಂದ. ನಾನು ಬಾವಿಯ ಕಟ್ಟೆಯ ಮೇಲೆ ಕೂತು ಅವರ ಆಟ ನೋಡಿದೆ. ಮಾಸ್ತರರು ಎಂದಿನಂತೆ ತಡ, ಹಿಂದೆ ಬಯಲೋ ಬಯಲು. ಮೂರು ಸಲ ನನಗೆ ಗೊತ್ತಿಲ್ಲದೆ ಎದ್ದು ನಿಂತೆ, ಮೂರು ಸಲವೂ ಕೂತೆ. ಅವ್ವ ಕೇಳಿದಳು, ಇಷ್ಟು ಬೇಗ ಯಾಕೆ ಬಂದೆ ಎಂದು. ಆಟ ಬಿಟ್ಟೆ ಎಂದೆ. "ಯಾವ ಆಟ ಬಿಟ್ಟಿ? ಆರು ಆಟ ಆಡ್ತಿದ್ದೆಲ್ಲ ನೀ," ಎಂದಳು. ಈ ಊರಿನಲ್ಲಿ ನನ್ನವ್ವ ಮಾಳಮ್ಮನ ನಾಲಿಗೆಯಷ್ಟು ಚೂಪಾದದ್ದು ಶಬ್ಬೀರನ ಕತ್ತರಿಯೂ ಅಲ್ಲ.

ನವೆಂಬರ್ ೧೨

ಒಳ್ಳೆಯ ದಿನ. ನನ್ನ ಗಾಡಿಗೆ ಕೋಟನೂರದ ಹಣಮಂತರಾಯರು ಹತ್ತಿದರು. ಕಲಬುರ್ಗಿ ಪೇಟೆಗೆ ಅಂಟಿಕೊಂಡ ಊರಾದ್ದರಿಂದ ಕೋಟನೂರದವರಿಗೆ ತಾವು ಅರ್ಧ ಪೇಟೆಯವರೆಂಬ ಬಿಂಕ. ಅಲ್ಲಿಯ ವಾಲಿಬಾಲ್ ತಂಡವೆಂದರೆ ಇವರೇ: ಆಡುವುದಿಲ್ಲ, ಆಡಿಸುತ್ತಾರೆ. ಹೋದ ವರ್ಷ ನಮ್ಮ ಆಟ ನೋಡಿದ್ದರಂತೆ. ನೀನು ಒಳ್ಳೆಯ ಆಟಗಾರ, ಆದರೆ ಎಲ್ಲಿರುತ್ತೀ ಎಂದು ಹುಡುಕುವುದೇ ಆಗುತ್ತದೆ ಎಂದರು. ನಾನು ನನ್ನ ಕಥೆ ಹೇಳಿದೆ. ಕೇಳಿದ ಕೂಡಲೇ, ನಮ್ಮಲ್ಲಿಗೆ ಬಾ, ನಾಲ್ಕನೇ ನಂಬರು ನಿನಗೇ ಎಂದರು. ಡ್ರೈವರು ತಿರುಗಿ ನೋಡುವಷ್ಟು ಜೋರಾಗಿ ಸೀಟಿ ಊದಿಬಿಟ್ಟೆನಂತೆ.

ನವೆಂಬರ್ ೧೫, ಭಾನುವಾರ

ಕೋಟನೂರದಲ್ಲಿ ನಾಲ್ಕನೇ ನಂಬರಿನಲ್ಲಿ ನಿಂತೆ. ನಿಂತು ನೋಡಿದರೆ ಲೋಕವೇ ಬೇರೆ. ಚೆಂಡು ತಾನಾಗಿ ಬರುತ್ತದೆ, ನಾನು ಯಾರ ಹಿಂದೆಯೂ ಓಡಬೇಕಿಲ್ಲ. ಒಂಬತ್ತು ಸಲ ಹೊಡೆದೆ, ಆರು ಪಾಯಿಂಟು. ಹಣಮಂತರಾಯರು ನನ್ನನ್ನು ಪೂರ್ತಿ ಹೆಸರಿನಿಂದ ಕರೆದು ಬಂದವರಿಗೆಲ್ಲ ತೋರಿಸಿದರು. ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ.

ಒಂದು ಸಲ ಹಿಂದೆ ಬಿದ್ದ ಚೆಂಡಿಗೆ ಓಡಿದೆ. ಅಲ್ಲಿ ನಿಂತವನು ಇದು ನನ್ನ ಜಾಗ, ನಿನ್ನ ಜಾಗಕ್ಕೆ ಹೋಗು ಎಂದು ಮುಖ ಸಿಂಡರಿಸಿದ. ಸರಿಯಾಗಿಯೇ ಹೇಳಿದ. ರೂಢಿ ಹೋಗಲು ಸ್ವಲ್ಪ ದಿನ ಹಿಡಿಯುತ್ತದೆ.

ನವೆಂಬರ್ ೨೨

ಕಮಲಾಪುರದವರು ಮಹಾಗಾಂವದಲ್ಲಿ ಸೋತರಂತೆ. ನನಗೇನು. ಶಬ್ಬೀರ್ ಮತ್ತೆ ಮದುವೆ ಬಟ್ಟೆಗೆ ಹೋಗಿದ್ದನಂತೆ, ಅವನ ಜಾಗದಲ್ಲಿ ಒಬ್ಬ ಅವಳಿ ಚೆಂಡು ಎತ್ತಿದನಂತೆ, ಎತ್ತಿದ್ದೆಲ್ಲ ಬಲೆಯ ಆಚೆಗೇ ಹೋಯಿತಂತೆ. ನನಗೇನು. ಅವಳಿಗಳ ಬೆರಳು ಗಿಡ್ಡ, ಚೆಂಡನ್ನು ಹಣೆಯ ಮೇಲಿಂದ ಎತ್ತಬಾರದು, ಇನ್ನೂ ಸ್ವಲ್ಪ ಮುಂದೆ ಹಿಡಿಯಬೇಕು. ಅದನ್ನು ಹೇಳಲು ಅಲ್ಲಿ ಒಬ್ಬರಿಗೂ ಬುದ್ಧಿಯಿಲ್ಲ. ಕೋಟನೂರದಲ್ಲಿ ಇವತ್ತು ನಾನು ಹನ್ನೊಂದು ಸಲ ಹೊಡೆದೆ. ಚೆನ್ನಾಗಿತ್ತು.

ನವೆಂಬರ್ ೩೦

ಆಗಬಾರದ್ದು ಆಗಿದೆ.

ಕಲಬುರ್ಗಿಯ ಸ್ಟೇಶನ್ ಬಜಾರದಲ್ಲಿ ಡ್ರಿಲ್ ಮಾಸ್ತರ ಇಮಾಮುದ್ದೀನ್ ಸಾಹೇಬರು ಸಿಕ್ಕಿದ್ದರು. ಐವಾನ್-ಎ-ಶಾಹಿ ಹತ್ತಿರದ ಮೈದಾನದಲ್ಲಿ ವರ್ಷವರ್ಷ ಅವರೇ ಪಂದ್ಯ ನಡೆಸುವುದು. ಡಿಸೆಂಬರ್ ಇಪ್ಪತ್ತೇಳಕ್ಕೆ ಇದೆ, ಎಲ್ಲ ಊರಿನವರೂ ಹೆಸರು ಕೊಟ್ಟಾಗಿದೆ. ನಿಮ್ಮವರು ಸುತ್ತುವ ಅಭ್ಯಾಸ ಮಾಡುತ್ತಿದ್ದಾರಾ ಎಂದು ಕೇಳಿದರು. ಯಾವ ಸುತ್ತುವುದು ಎಂದೆ. ಈ ವರ್ಷದಿಂದ ಪುಸ್ತಕದ ನಿಯಮ ಕಡ್ಡಾಯ, ಸರ್ವಿಸ್ ಬದಲಾದಾಗೆಲ್ಲ ಒಂದೊಂದು ಜಾಗ ಸರಿಯಲೇಬೇಕು, ಹೊರಗಿನಿಂದ ರೆಫ್ರಿ ಬರುತ್ತಾರೆ, ಕರಪತ್ರದಲ್ಲಿಯೇ ಹಾಕಿದೆಯಲ್ಲ ಎಂದರು. ಕರಪತ್ರವನ್ನು ನಮ್ಮ ಊರುಗಳಲ್ಲಿ ಯಾರು ಕೆಳಗಿನವರೆಗೆ ಓದುತ್ತಾರೆ? ತಾರೀಖು, ಬಹುಮಾನ, ಊಟ ಇದೆಯೋ ಇಲ್ಲವೋ, ಅಲ್ಲಿಗೆ ಮುಗಿಯಿತು.

ನನಗೆ ಒಂದು ಜಾಗ ಸಿಕ್ಕು ಹದಿನೈದೇ ದಿನ, ಜಾಗ ಅನ್ನುವುದನ್ನೇ ತೆಗೆದುಬಿಟ್ಟರು.

ಡಿಸೆಂಬರ್ ೨

ಹಣಮಂತರಾಯರಿಗೆ ತಿಳಿಸಿದೆ. ಅವರು ತಲೆ ಕೆಡಿಸಿಕೊಳ್ಳಲಿಲ್ಲ. ರೆಫ್ರಿ ಸೀಟಿ ಊದಿದಾಗ ಸುಮ್ಮನೆ ಒಮ್ಮೆ ಅತ್ತಿತ್ತ ಓಡಾಡಿ ಮತ್ತೆ ಅವರವರ ಜಾಗಕ್ಕೆ ಬಂದು ನಿಂತರಾಯಿತು, ಆರು ಮಂದಿಯ ಲೆಕ್ಕ ಯಾರು ಇಡುತ್ತಾರೆ ಎಂದರು. ಆರು ಮಂದಿಯ ಲೆಕ್ಕ ಇಡುವುದೇ ರೆಫ್ರಿಯ ಕೆಲಸ ಎಂದೆ. ನೀನು ನಿನ್ನ ನಾಲ್ಕನೇ ನಂಬರು ನೋಡಿಕೋ, ಉಳಿದವರ ಉಸಾಬರಿ ನಿನಗೆ ಬೇಡ ಎಂದರು. ನಾನು ಬೇಡಿ ಪಡೆದದ್ದು ಅದನ್ನೇ ಆದ್ದರಿಂದ ಬಾಯಿ ಮುಚ್ಚಿಕೊಂಡೆ.

ಡಿಸೆಂಬರ್ ೬, ಭಾನುವಾರ

ಇವತ್ತು ಖಂಡೆಪ್ಪಣ್ಣ ಕಲಬುರ್ಗಿ ಬಸ್‌ಸ್ಟ್ಯಾಂಡಿಗೆ ಬಂದ. ಕೆಂಪು ಬಾಳೆಹಣ್ಣಿನ ಬುಟ್ಟಿ ಇಳಿಸಲು ಅವನು ಬರುವುದು ಹೊಸದಲ್ಲ, ಆದರೆ ಇವತ್ತು ಬುಟ್ಟಿ ಇರಲಿಲ್ಲ. ಚಹಾ ಕೊಡಿಸಿದ. ಈ ವರ್ಷ ಗೊನೆ ಚೆನ್ನಾಗಿ ಬಿಟ್ಟಿವೆ ಎಂದ. ಚಳಿ ಬಹಳ ಎಂದ. ಅವನ ಹೆಂಡತಿ ಮಲ್ಕಮ್ಮನಿಗೆ ಹಲ್ಲುನೋವು ಎಂದ. ಸಾಸರಿನಲ್ಲಿ ಚಹಾ ಹುಯ್ದುಕೊಂಡು ಅದನ್ನೇ ನೋಡುತ್ತ ಕೂತ. ಕೊನೆಗೆ ನನಗೇ ಕರುಣೆ ಬಂದು, ಕರಪತ್ರ ಓದಿದೆಯಾ ಎಂದು ಕೇಳಿದೆ.

ಮಾಸ್ತರರು ಓದಿ ಹೇಳಿದ್ದರಂತೆ. ಊರಿನಲ್ಲಿ ಒಮ್ಮೆ ಸುತ್ತಿ ನೋಡಿದರಂತೆ. ಮೂರನೇ ಸುತ್ತಿಗೆ ಅವಳಿಗಳಿಬ್ಬರೂ ಒಂದೇ ಜಾಗದಲ್ಲಿ ನಿಂತಿದ್ದರು, ಶಬ್ಬೀರ್ ಗೆರೆಯ ಹೊರಗಿದ್ದ. ಈ ಮೂಲೆ ಬಿಟ್ಟು ಬೇರೆ ಮೂಲೆಗೆ ಈ ಜನ್ಮದಲ್ಲಿ ಹೋಗುವುದಿಲ್ಲವೆಂದು ನಬಿಸಾಬ್ ಕಾಕಾ ಮನೆಗೆ ಹೋದರಂತೆ. ತಾನು ಹಿಂದಿನ ಸಾಲಿಗೆ ಹೋದಾಗ ಏನಾಯಿತೆಂದು ಖಂಡೆಪ್ಪಣ್ಣ ಹೇಳಲಿಲ್ಲ. ಮೂಗಿನ ಮೇಲೆ ಚೆಂಡಿನ ಗುರುತಿತ್ತು.

"ಆರೂ ಜಾಗಾ ಗೊತ್ತಿರೋಂವ ನೀ ಒಬ್ಬನೇ ಇದ್ದಿ," ಎಂದ. "ಬಂದು ಕಲಸ್ತಿ ಏನು?"

ಇಷ್ಟು ಹೇಳುವಷ್ಟರಲ್ಲಿ ಅವನ ಚಹಾ ತಣ್ಣಗಾಗಿತ್ತು. ನಾನು ತಕ್ಷಣ ಹೂಂ ಅನ್ನಬಾರದೆಂದು ಎದುರಿನ ಗಾಡಿಯ ಬೋರ್ಡು ಓದಿದೆ. ಆಮೇಲೆ ಷರತ್ತು ಹಾಕಿದೆ: ಈ ಪಂದ್ಯ ಮುಗಿದ ಮೇಲೆ ಊರಿನ ಆಟದಲ್ಲಿ ನಾಲ್ಕನೇ ನಂಬರು ನನ್ನದು, ಕಾಯಂ. ಅವನು ತಣ್ಣಗಿನ ಚಹಾ ಒಂದೇ ಗುಟುಕಿಗೆ ಕುಡಿದ. ಸಾಸರು ಕೆಳಗಿಟ್ಟು "ಆತು" ಎಂದ.

ಗೆದ್ದೆ. ಗೆದ್ದವನಿಗೆ ಚಹಾ ರುಚಿಸಬೇಕಿತ್ತು.

ಡಿಸೆಂಬರ್ ೧೦

ಹಣಮಂತರಾಯರಿಗೆ ಬರುವುದಿಲ್ಲವೆಂದು ಹೇಳಿ ಬಂದೆ. ನಿನಗೆ ಒಂದು ಕಡೆ ನಿಲ್ಲುವುದೇ ಗೊತ್ತಿಲ್ಲ ಎಂದರು.

ಡಿಸೆಂಬರ್ ೧೩, ಭಾನುವಾರ

ಶಿವನೇ, ಇವರಿಗೆ ಕಲಿಸುವುದಕ್ಕಿಂತ ರಶ್ ಇರುವ ಗಾಡಿಯಲ್ಲಿ ಟಿಕೆಟ್ ಹರಿಯುವುದು ಸುಲಭ. ನಬಿಸಾಬ್ ಕಾಕಾ ಸುತ್ತಲು ಒಪ್ಪಲೇ ಇಲ್ಲ, ಅವರ ಬದಲಿಗೆ ನಾನು. ಶಬ್ಬೀರ್ ಚೆಂಡನ್ನು ಹೊಡೆಯುವುದೇ ಇಲ್ಲ, ಮೆತ್ತಗೆ ಎತ್ತಿ ಎದುರಿನವರಿಗೆ ಕೊಡುತ್ತಾನೆ. ಹೊಸ ಬಟ್ಟೆಗೆ ಮಡಿಕೆ ಬೀಳಬಾರದು ಅನ್ನುವ ಹಾಗೆ. ಮಾಸ್ತರರು ಬಲೆಯ ಹತ್ತಿರ ಬಂದರೆ ಕನ್ನಡಕ ತೆಗೆದು ಜೇಬಿಗಿಡುತ್ತಾರೆ, ಆಮೇಲೆ ಅವರಿಗೆ ಬಲೆಯೇ ಕಾಣುವುದಿಲ್ಲ. ಖಂಡೆಪ್ಪಣ್ಣ ಹಿಂದಿನ ಸಾಲಿನಲ್ಲಿ ಬೀಗರ ಮನೆಯಲ್ಲಿ ಕೂರಲು ಕುರ್ಚಿ ಸಿಗದವನಂತೆ ನಿಲ್ಲುತ್ತಾನೆ. ಬಗ್ಗು ಎಂದರೆ ಬಗ್ಗುವುದಿಲ್ಲ. ಹನ್ನೊಂದು ವರ್ಷ ಮೇಲೆ ಹಾರಿದವನಿಗೆ ಕೆಳಗೆ ನೋಡುವುದೇ ಅವಮಾನ.

ಒಂದು ಉಪಾಯ ಮಾಡಿದ್ದೇನೆ. ಸುತ್ತಿನಲ್ಲಿ ಅವನನ್ನು ಸರಿಯಾಗಿ ನನ್ನ ಹಿಂದೆ ಇಟ್ಟಿದ್ದೇನೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ನನ್ನ ಬೆನ್ನು ನೋಡು, ನಾನು ಬಿಟ್ಟ ಜಾಗಕ್ಕೆ ಬಂದು ನಿಲ್ಲು ಎಂದು ಹೇಳಿದೆ. ಹೂಂ ಅಂದ.

ಡಿಸೆಂಬರ್ ೧೭

ಹುಮನಾಬಾದ ಗಾಡಿ. ಟಿಕೆಟ್ ಕೊಡುವಾಗಲೂ ಆರು ಮಂದಿಯನ್ನು ತಲೆಯಲ್ಲಿ ಸುತ್ತಿಸುತ್ತಿದ್ದೆ. ಒಬ್ಬ ಅಜ್ಜಿಗೆ ಎರಡು ಟಿಕೆಟ್ ಹರಿದುಕೊಟ್ಟೆ, ಬೈಸಿಕೊಂಡೆ. ಶಬ್ಬೀರ್ ಮುಂದಿನ ಸಾಲಿಗೆ ಬಂದಾಗ ಮಾಸ್ತರರು ಪಕ್ಕದಲ್ಲಿರದಂತೆ ಮಾಡಬೇಕು.

ಡಿಸೆಂಬರ್ ೨೦, ಎಳ್ಳಮಾವಾಸ್ಯೆ

ಎಲ್ಲರೂ ಖಂಡೆಪ್ಪಣ್ಣನ ಹೊಲಕ್ಕೆ ಹೋಗಿದ್ದೆವು. ಭಜ್ಜಿ, ಸಜ್ಜಿ ರೊಟ್ಟಿ, ಕಡುಬು ಎಲ್ಲ ಹೊಟ್ಟೆ ಬಿರಿಯುವಂತೆ ತಿಂದ ಮೇಲೆ ಉಳಿದ ಗಂಡಸರು ಬೇವಿನ ಮರದ ಕೆಳಗೆ ಮಲಗಿದರು. ನಾನು ನಮ್ಮ ತಂಡದ ಉಳಿದ ಐದು ಮಂದಿಯನ್ನು ಎಬ್ಬಿಸಿ ಜೋಳದ ಹೊಲದ ಪಕ್ಕದ ಬೀಳು ನೆಲದಲ್ಲಿ ಬೂದಿಯಿಂದ ಆರು ಮನೆ ಗೀಚಿದೆ. ಚೆಂಡಿಲ್ಲ, ಬಲೆಯಿಲ್ಲ, ನಾನು ಚಪ್ಪಾಳೆ ತಟ್ಟುವುದು, ಎಲ್ಲರೂ ಒಂದು ಮನೆ ಸರಿಯುವುದು. ಹೆಂಗಸರೆಲ್ಲ ಪಾತ್ರೆ ತೊಳೆಯುವುದು ಬಿಟ್ಟು ಬಂದು ನೋಡಿದರು. ಮಲ್ಕಮ್ಮ ವೈನಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಮನ್ಯಾಗ ಒಂದು ಕೊಡ ಎತ್ತಿ ಆ ಕಡಿಂದ ಈ ಕಡಿ ಇಟ್ಟಾಂವ ಅಲ್ಲ ಈ ಮನಶ್ಯಾ, ಈಗ ನೋಡ್ರಿ ಹೆಂಗ ತಿರಗ್ಲಾಕತ್ತಾನ," ಎಂದಳು. ಖಂಡೆಪ್ಪಣ್ಣನ ಕಿವಿ ಕೆಂಪಾದವು. ಆದರೂ ನಿಲ್ಲಲಿಲ್ಲ, ನನ್ನ ಬೆನ್ನ ಹಿಂದೆ ಬಂದ.

ಸಂಜೆಯ ಹೊತ್ತಿಗೆ ಒಬ್ಬರೂ ತಪ್ಪಲಿಲ್ಲ. ನನ್ನ ದನಿ ಬಿದ್ದುಹೋಗಿದೆ. ಅವ್ವ ಹೇಳಿದಳು, ನೀನು ಇವತ್ತು ಖಂಡೆಪ್ಪನಿಗೆ ನಾಲ್ಕು ಮಂದಿಯ ಮುಂದೆ ಅಣ್ಣ ಅನ್ನದೆ ಬರೀ ಹೆಸರಿನಿಂದ ಕೂಗಿದಿ ಎಂದು. ನನಗೆ ಅದರ ನೆನಪೇ ಇಲ್ಲ.

ಡಿಸೆಂಬರ್ ೨೬

ನಾಳೆ. ಮಾಸ್ತರರ ಕನ್ನಡಕಕ್ಕೆ ಶಬ್ಬೀರ್ ಲಾಡಿ ಹೊಲಿದುಕೊಟ್ಟಿದ್ದಾನೆ. ಅವಳಿಗಳಿಗೆ ಬೇರೆ ಬೇರೆ ಬಣ್ಣದ ಕಾಲುಚೀಲ ಹಾಕಿಸಿದ್ದೇನೆ. ನನ್ನ ಬನಿಯನ್ ಒಗೆಯುವುದೊಂದು ಮರೆತೆ.

ಡಿಸೆಂಬರ್ ೨೭, ಭಾನುವಾರ

ಬೆಳಿಗ್ಗೆ ಮೊದಲ ಪಂದ್ಯ ಯಾರ ಮೇಲೆ ಗೊತ್ತೇ? ಕೋಟನೂರದವರ ಮೇಲೆ. ಹಣಮಂತರಾಯರು ನನ್ನ ಮುಖ ನೋಡಲಿಲ್ಲ. ಅವರ ಹುಡುಗರು ಹೇಳಿಕೊಟ್ಟಂತೆ ಸೀಟಿ ಬಿದ್ದಾಗೆಲ್ಲ ಒಮ್ಮೆ ಅತ್ತಿತ್ತ ಓಡಾಡಿ ತಮ್ಮ ತಮ್ಮ ಜಾಗಕ್ಕೇ ಬಂದು ನಿಂತರು. ರೆಫ್ರಿ ಎರಡು ಸಲ ಸುಮ್ಮನಿದ್ದು, ಮೂರನೇ ಸಲದಿಂದ ಸೀಟಿ ಬಾಯಿಂದ ತೆಗೆಯಲೇ ಇಲ್ಲ. ನಾವು ಆಡಿ ಗೆದ್ದದ್ದು ಅರ್ಧ, ಅವರು ನಿಂತು ಸೋತದ್ದು ಅರ್ಧ. ನಮ್ಮಲ್ಲಿ ಒಬ್ಬರೂ ತಪ್ಪಲಿಲ್ಲ. ಮಾಸ್ತರರು ಬಲೆಯ ಹತ್ತಿರ ಒಂದು ಚೆಂಡು ಹೊಡೆದು ಪಾಯಿಂಟು ತಂದರು, ಅವರಿಗೇ ನಂಬಿಕೆ ಬರದೆ ಕನ್ನಡಕ ಒರೆಸಿಕೊಂಡರು.

ಮಧ್ಯಾಹ್ನ ಸ್ಟೇಶನ್ ಬಜಾರದ ತಂಡ. ಹಮಾಲರು, ಆಟೋದವರು. ಅವರಲ್ಲಿ ಮಕ್ಬೂಲ್ ಎಂಬವನಿದ್ದಾನೆ, ತಲೆಯ ಮೇಲೆ ಎರಡು ಟ್ರಂಕು ಹೊತ್ತು ಮೇಲ್ಸೇತುವೆ ಹತ್ತುವವನು. ಅವನು ಹೊಡೆದರೆ ಚೆಂಡು ಬರುವುದು ಕಾಣುವುದಿಲ್ಲ, ಹೋದ ಮೇಲೆ ಗಾಳಿ ಬರುತ್ತದೆ. ಒಂದು ಸೆಟ್ ಅವರದು, ಒಂದು ನಮ್ಮದು. ಮೂರನೆಯದರಲ್ಲಿ ಹದಿಮೂರು ಹದಿನಾಲ್ಕು, ಅವರ ಸರ್ವಿಸ್. ಈ ಚೆಂಡು ಹೋದರೆ ಆಟ ಹೋಯಿತು.

ಸುತ್ತು ತಿರುಗಿ ನಾನು ನಾಲ್ಕನೇ ನಂಬರಿಗೆ ಬಂದಿದ್ದೆ. ಖಂಡೆಪ್ಪಣ್ಣ ನನ್ನ ಬೆನ್ನ ಹಿಂದೆ, ಹಿಂದಿನ ಸಾಲಿನಲ್ಲಿ. ಮಾಸ್ತರರು ಸರ್ವಿಸ್ ಎತ್ತಿದರು, ಶಬ್ಬೀರ್ ನನಗೆಂದೇ ಚೆಂಡು ಕೊಟ್ಟ, ಎತ್ತರಕ್ಕೆ, ಹೂವಿನಂತೆ. ಮಕ್ಬೂಲ್ ಬಲೆಯ ಇನ್ನೊಂದು ತುದಿಯಲ್ಲಿದ್ದ, ನನ್ನ ಎದುರಿಗೆ ಬಯಲು. ಜೀವಮಾನದಲ್ಲಿ ಅಂಥ ಚೆಂಡು ಒಂದೇ ಸಲ ಬರುತ್ತದೆ. ನಾನು ಮಂಡಿ ಮಡಚಿದೆ.

ನನ್ನ ಹೆಗಲು ತಾಗಿಸಿಕೊಂಡು ಖಂಡೆಪ್ಪಣ್ಣ ಹಾರಿದ. ಅಂಥ ಹೊಡೆತ ಅವನು ಹನ್ನೊಂದು ವರ್ಷದಲ್ಲಿ ಹೊಡೆದಿರಲಿಲ್ಲ. ಚೆಂಡು ನೆಲಕ್ಕೆ ಬಿದ್ದು ಜನರ ತಲೆಯ ಮೇಲಿಂದ ಹೋಯಿತು. ಮೈದಾನವೆಲ್ಲ ಎದ್ದು ನಿಂತಿತು, ಅವನು ಎರಡೂ ಕೈ ಮೇಲೆತ್ತಿದ. ಆಗ ಸೀಟಿ ಬಿತ್ತು. ಹಿಂದಿನ ಸಾಲಿನವನು ಮುಂದೆ ಬಂದು ಹೊಡೆಯುವಂತಿಲ್ಲ. ಫೌಲ್. ಆಟ ಮುಗಿಯಿತು.

ಅವನ ಕೈ ಮೇಲೆಯೇ ಉಳಿದವು. ನಿಧಾನಕ್ಕೆ ಕೆಳಗಿಳಿಸಿದ.

ವಾಪಸು ಬರುವಾಗ ಗಾಡಿಯಲ್ಲಿ ಕಿಟಕಿಯ ಸೀಟು ಹಿಡಿದೆ. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಮಹಾಗಾಂವ ಕ್ರಾಸ್ ದಾಟಿದ ಮೇಲೆ ಶಬ್ಬೀರ್ ಹೋಗಲಿ ಬಿಡಿ, ರೆಫ್ರಿಯೇ ಸರಿ ಇಲ್ಲ ಎಂದ. ಖಂಡೆಪ್ಪಣ್ಣ ಸೀಟು ಹಿಡಿದುಕೊಂಡು ಎದ್ದು ನಿಂತ. ಎಲ್ಲರಿಗೂ ಕೇಳುವಂತೆ ಹೇಳಿದ.

"ರೆಫ್ರಿದು ತಪ್ಪಿಲ್ಲ. ಅದು ಚಂದ್ರಶಾನ ಜಾಗಾ ಇತ್ತು. ನಾ ಹೋಗಿ ನಿಂತೆ."

ಹೇಳಿ ಕೂತ. ಇದನ್ನು ಕೇಳಬೇಕೆಂದು ಎಷ್ಟು ವರ್ಷ ಕಾದಿದ್ದೆನೋ. ಕೇಳಿದ ಮೇಲೆ ನನ್ನ ಸಿಟ್ಟು ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಕಿಟಕಿಯ ಹೊರಗೆ ಜೋಳದ ಹೊಲ ನೋಡುತ್ತ ಕೂತೆ. ತಪ್ಪು ನನ್ನದೂ ಇದೆ ಅನ್ನಿಸಿತು. ಹಿಂದಿನ ಸಾಲಿನಲ್ಲಿ ನಿಲ್ಲುವುದು ಕಲಿಸಿದೆ, ಹಾರಬಾರದು ಅನ್ನುವುದನ್ನು ಇನ್ನೂ ನಾಲ್ಕು ಸಲ ಹೇಳಬೇಕಿತ್ತು.

ಡಿಸೆಂಬರ್ ೩೧

ಖಂಡೆಪ್ಪಣ್ಣ ಎರಡು ದಿನ ತನ್ನ ಬಾಳೆಹಣ್ಣಿನ ಅಂಗಡಿ ತೆಗೆಯಲಿಲ್ಲವಂತೆ. ಮಲ್ಕಮ್ಮ ವೈನಿ ಬಾವಿಯ ಹತ್ತಿರ ಅವ್ವನಿಗೆ ಹೇಳಿದಳಂತೆ, ಹಿತ್ತಲಲ್ಲಿ ಗೋಡೆಗೆ ಚೆಂಡು ಎಸೆದು ತಾನೇ ಎತ್ತಿಕೊಳ್ಳುತ್ತಾನೆ, ಹೆಂಚು ಎರಡು ಒಡೆದಿವೆ ಎಂದು.

ಜನವರಿ ೩, ೧೯೮೮, ಭಾನುವಾರ

ಮಹಾಗಾಂವದವರು ನಮ್ಮ ಮೈದಾನಕ್ಕೆ ಬಂದಿದ್ದರು. ಊರ ಆಟ, ಸುತ್ತುವುದಿಲ್ಲ. ನಾನು ಹೋಗುವಷ್ಟರಲ್ಲಿ ಖಂಡೆಪ್ಪಣ್ಣ ಬಲೆ ಕಟ್ಟಿ ಮುಗಿಸಿ ಗೆರೆಯ ಹೊರಗೆ ನಿಂತಿದ್ದ. ನಾಲ್ಕನೇ ನಂಬರು ಖಾಲಿ ಇತ್ತು. ಮಾತು ಕೊಟ್ಟಿದ್ದೇನಲ್ಲ, ಹೋಗಿ ನಿಲ್ಲು ಎಂದ. ನಬಿಸಾಬ್ ಕಾಕಾ ತಮ್ಮ ಮೂಲೆಯಿಂದ ಇಬ್ಬರನ್ನೂ ನೋಡಿ ತಲೆ ಕೆರೆದುಕೊಂಡರು. ನಾನು ಹೋಗಿ ನಿಂತೆ.

ಚೆನ್ನಾಗಿಯೇ ಆಡಿದೆ. ಐದು ಹೊಡೆದೆ, ಎರಡು ಬಲೆಗೆ ಹೋದವು. ಆದರೆ ಹೊರಗೆ ಬಾವಿಯ ಕಟ್ಟೆಯ ಮೇಲೆ ಅವನು ಕೈ ಕಟ್ಟಿಕೊಂಡು ಕೂತದ್ದು ಕಣ್ಣಿಗೆ ಬೀಳುತ್ತಲೇ ಇತ್ತು. ಆ ಕಟ್ಟೆ ಹೇಗೆ ಚುಚ್ಚುತ್ತದೆಂದು ನನಗೆ ಗೊತ್ತು.

ಎರಡನೇ ಸೆಟ್ಟಿನ ನಡುವೆ ಮಾಸ್ತರರಿಗೆ ಮನೆಯಿಂದ ಕರೆ ಬಂತು, ಎಮ್ಮೆಕರು ಹಗ್ಗ ಬಿಚ್ಚಿಕೊಂಡು ಓಡಿತ್ತು. ಹಿಂದಿನ ಸಾಲಿನ ನಡುವೆ ಜಾಗ ಬರಿದಾಯಿತು. ಎಲ್ಲರೂ ನನ್ನನ್ನು ನೋಡಿದರು. ರೂಢಿಯಂತೆ ನನ್ನ ಕಾಲು ಎರಡು ಹೆಜ್ಜೆ ಹಿಂದೆ ಹೋಗಿಯೂ ಆಗಿತ್ತು. ಇಲ್ಲ, ಇವತ್ತು ಇಲ್ಲ ಎಂದು ಹಲ್ಲು ಕಚ್ಚಿ ವಾಪಸು ಬಂದೆ.

ಆಗ ಖಂಡೆಪ್ಪಣ್ಣ ಕಟ್ಟೆಯಿಂದ ಇಳಿದ. ಅಂಗಿಯ ತೋಳು ಮಡಚಿಕೊಳ್ಳುತ್ತ ಎಲ್ಲರ ನಡುವೆ ಹಾದು ಹಿಂದಿನ ಸಾಲಿಗೆ ಹೋದ. ಮಹಾಗಾಂವದವರು ನಕ್ಕರು. ಅವನು ನಗಲಿಲ್ಲ, ನನ್ನನ್ನೇ ನೋಡಿದ.

"ಎಲ್ಲಿ ನಿಂದ್ರಲೋ ಚಂದ್ರಶಾ?"

ಎರಡು ಹೆಜ್ಜೆ ಹಿಂದೆ ಎಂದೆ. ಹೋದ. ಇನ್ನಷ್ಟು ಬಗ್ಗು ಎಂದೆ. ಬಗ್ಗಿದ, ಹನ್ನೊಂದು ವರ್ಷದ ಹೊಟ್ಟೆ ಸಮೇತ ಬಗ್ಗಿದ.

ಸರ್ವಿಸ್ ನೇರ ಅವನ ಕಡೆಗೇ ಬಂತು. ಕಣ್ಣು ಮುಚ್ಚುತ್ತಾನೆ ಎಂದುಕೊಂಡೆ. ಮುಚ್ಚಲಿಲ್ಲ. ಎರಡೂ ಕೈ ಜೋಡಿಸಿ ಎತ್ತಿದ ನೋಡಿ, ಚೆಂಡು ಎದ್ದದ್ದು ಎದ್ದೇ ಹೋಯಿತು, ಶಬ್ಬೀರನ ತಲೆಯ ಮೇಲೆ ಬಂದು ಮೆತ್ತಗೆ ಇಳಿಯಿತು. ನಾನು ಎತ್ತಿದ್ದರೂ ಅಷ್ಟು ಚೆಂದ ಆಗುತ್ತಿರಲಿಲ್ಲ. ಅವನೇ ತನ್ನ ಕೈ ನೋಡಿಕೊಳ್ಳುತ್ತಿದ್ದ. ನಾನು ಅವನನ್ನೇ ನೋಡುತ್ತ ನಿಂತುಬಿಟ್ಟೆ. ಯಾರೋ ನನ್ನ ಹೆಸರು ಕೂಗಿದರು. ತಿರುಗುವಷ್ಟರಲ್ಲಿ ಶಬ್ಬೀರ್ ನನಗೆಂದು ಕೊಟ್ಟ ಚೆಂಡು ನಾಲ್ಕನೇ ನಂಬರಿನ ನಟ್ಟನಡುವೆ, ನನ್ನ ಕಾಲ ಹತ್ತಿರ ಬಿದ್ದು, ಎರಡು ಸಲ ಪುಟಿದು ಸುಮ್ಮನಾಯಿತು.

ಪಾಯಿಂಟು ಹೋಯಿತು. ನಬಿಸಾಬ್ ಕಾಕಾ ತಮ್ಮ ಮೂಲೆಯಿಂದಲೇ ಬೈದರು. ಖಂಡೆಪ್ಪಣ್ಣ ಇನ್ನೂ ಬಗ್ಗಿಕೊಂಡೇ ನಿಂತಿದ್ದ, ಹೀಗೇ ಅಲ್ಲವೇ ಎಂದು ನನ್ನನ್ನು ಕೇಳುತ್ತಿದ್ದ. ಹೀಗೇ ಎಂದೆ.